ಹೆಸರು ಹೇಳದ ಹಾಡು

ಜಾತ್ರೆಯ ನಾಟಕದಲ್ಲಿ ಹಾಸ್ಯಗಾರ ಹಾಡಿ ಚುಚ್ಚುತ್ತಾನೆ. ಚುಚ್ಚಿಸಿಕೊಂಡವರೇ ನಕ್ಕು ದುಡ್ಡಿನ ಆಯಾರ ಮಾಡುತ್ತಾರೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹೆದ್ದಾರಿಯಲ್ಲಿ ರಂಗದ ಹಾಡು, ಸಿನಿಮಾ ಹಾಡು, ಚುನಾವಣೆಯ ಹಾಡು ಒಂದೇ ಧಾಟಿ ಹಿಡಿದು ಓಡಾಡುತ್ತವೆ. ಬಾಳಿಕೆ ಮಾತ್ರ ಮೂರಕ್ಕೂ ಬೇರೆ ಬೇರೆ.

ಬನದ ಹುಣ್ಣಿಮೆಯ ಚಳಿ. ಸಿಂಧನೂರು ತಾಲ್ಲೂಕಿನ ಅಂಬಾಮಠದಲ್ಲಿ ತೇರು ಎಳೆದಾಗಿದೆ. ದೇವೀಪುರಾಣ ಬರೆದ ಚಿದಾನಂದಾವಧೂತರ ನೆಲ ಇದು. ಹಣ್ಣುಕಾಯಿ ಮುಗಿಸಿದ ಮಂದಿಯಲ್ಲಿ ಅರ್ಧ ಜನ ಮಂಡಾಳು ಮಿರ್ಚಿಯ ಅಂಗಡಿಗೆ ನುಗ್ಗಿದರೆ, ಉಳಿದರ್ಧ ತಗಡು ಹೊಡೆದ ನಾಟಕದ ಥೇಟರಿನ ಕಡೆ.

ಒಳಗೆ ಕಾಮಿಕ್ ಸೀನು. ಬಿಳಿ ಜುಬ್ಬಾ, ಹೆಗಲಿಗೆ ಶಾಲು, ಕೈಯಲ್ಲಿ ಬಣ್ಣದ ಕನ್ನಡಕ ತಿರುಗಿಸುತ್ತ ಹಾಸ್ಯಗಾರ ಬರುತ್ತಾನೆ. ಬಾಯಿ ಬಿಡುವ ಮೊದಲೇ ಹಿಂದಿನ ಸಾಲು ಸೀಟಿ ಹೊಡೆಯುತ್ತದೆ. ಪೇಟಿ ಮಾಸ್ತರ ಎರಡು ಸುತ್ತು ನುಡಿಸುವಷ್ಟರಲ್ಲಿ ಧಾಟಿ ಯಾವ ಸಿನಿಮಾದ್ದೆಂದು ಮಕ್ಕಳಿಗೂ ಗೊತ್ತಾಗುತ್ತದೆ. ಮಾತು ಮಾತ್ರ ಬೇರೆ. ಕಾಲುವೆಯ ಕೊನೆ ಭಾಗಕ್ಕೆ ಕಾಗದದಲ್ಲಷ್ಟೇ ಹರಿಯುವ ನೀರು, ಮಳೆಗಾಲ ಕಾಣದ ಟಾರು, ಸತ್ತವರ ಹೆಸರಿನಲ್ಲಿ ಬರುವ ಪಿಂಚಣಿ.

ಯಾವ ಪಕ್ಷದ ಹೆಸರೂ ಇಲ್ಲ, ಯಾವ ಊರಿನ ಹೆಸರೂ ಇಲ್ಲ. ಮುಂದಿನ ಸಾಲಿನ ಮೆತ್ತನೆ ಕುರ್ಚಿಯಲ್ಲಿ ಕುಳಿತ ಮುಖಂಡರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ನಗದೆ ಬೇರೆ ದಾರಿಯೂ ಇಲ್ಲ. ನಗದಿದ್ದರೆ ಹಾಡು ತಮ್ಮ ಮೇಲೆಯೇ ಎಂದು ಒಪ್ಪಿಕೊಂಡಂತೆ!

"ಒನ್ಸ್‌ಮೋರ್" ಬೀಳುತ್ತದೆ. ಎರಡನೇ ಸಲ ಹಾಸ್ಯಗಾರ ಕೊನೆಯ ನುಡಿಯನ್ನು ಅಲ್ಲೇ ತಿರುಗಿಸಿ ಹಾಡುತ್ತಾನೆ, ಹೊಡೆತ ಇನ್ನೊಂದು ಗೇಣು ಹತ್ತಿರ ಬೀಳುವ ಹಾಗೆ. ಹೆಸರು ಆಗಲೂ ಇಲ್ಲ.

ಕಂಪನಿ ನಾಟಕಕ್ಕಿಂತ ಸೋಜಿಗದ್ದು ಹಳ್ಳಿಯ ಹವ್ಯಾಸಿ ನಾಟಕ. ಸುಗ್ಗಿ ಮುಗಿದು ಮಳೆ ಹಿಡಿಯುವವರೆಗೆ ಈ ಮೂರು ತಾಲ್ಲೂಕುಗಳಲ್ಲಿ ಒಂದಲ್ಲ ಒಂದು ಊರಲ್ಲಿ ನಾಟಕ ಇದ್ದೇ ಇರುತ್ತದೆ. ಊರಿನ ಹುಡುಗರು ಗಂಡುಪಾತ್ರ ಹಾಕುತ್ತಾರೆ. ಹೆಣ್ಣುಪಾತ್ರಕ್ಕೆ ಹೊರಗಿನಿಂದ ನಟಿಯರು ಬರುತ್ತಾರೆ. ಸೀನರಿ, ಮೈಕು, ವಾದ್ಯ ಎಲ್ಲ ಬಾಡಿಗೆ. ತಿಂಗಳುಗಟ್ಟಲೆ ಗುಡಿಯ ಕಟ್ಟೆಯ ಮೇಲೆ ತಾಲೀಮು.

ಇಂಥ ನಾಟಕದ ಹಸ್ತಪತ್ರಿಕೆಯನ್ನು ಒಮ್ಮೆ ಪೂರ್ತಿ ಓದಬೇಕು. ಮೇಲೆ ಗ್ರಾಮದೇವತೆಯ ಕೃಪೆ, ಅದರ ಕೆಳಗೆ ಸ್ವಾಮಿಗಳ ಸಾನ್ನಿಧ್ಯ. ಆಮೇಲೆ ಉದ್ಘಾಟಕರು, ಅಧ್ಯಕ್ಷರು, ಜ್ಯೋತಿ ಬೆಳಗಿಸುವವರು, ಮುಖ್ಯ ಅತಿಥಿಗಳು. ಈ ಪಟ್ಟಿ ಪಾತ್ರವರ್ಗಕ್ಕಿಂತ ಉದ್ದ. ನಾಟಕಕ್ಕೆ ಎರಡು ಹೆಸರು, ನಡುವೆ "ಅರ್ಥಾತ್". ಕತೆ ಬಹುಪಾಲು ಒಂದೇ: ಊರ ಗೌಡ ಬಡವರ ಹೊಲ ನುಂಗುತ್ತಾನೆ, ಓದಿ ಬಂದ ಹುಡುಗ ಎದುರು ನಿಲ್ಲುತ್ತಾನೆ.

ಈಗ ನೋಡಿ. ಉದ್ಘಾಟನೆಗೆ ಬಂದವರು ನಿಜವಾದ ಗೌಡರು, ಸಾಹುಕಾರರು, ಒಮ್ಮೊಮ್ಮೆ ಶಾಸಕರು. ಶಾಲು ಹೊದಿಸಿಕೊಂಡು, ಎರಡು ಮಾತಾಡಿ, ಕೆಳಗಿಳಿದು ಕೂರುತ್ತಾರೆ. ಪರದೆ ಮೇಲೇಳುತ್ತದೆ. ಮೂರು ತಾಸು ಗೌಡನಿಗೆ ಬೈಗುಳ, ಕೊನೆಗೆ ಗೌಡನಿಗೆ ಹೊಡೆತ. ಉದ್ಘಾಟಕರು ಚಪ್ಪಾಳೆ ತಟ್ಟುತ್ತಾರೆ. ನನ್ನ ಮಟ್ಟಿಗೆ ಕನ್ನಡ ರಂಗಭೂಮಿಯ ದೊಡ್ಡ ರಾಜಕೀಯ ವಿಡಂಬನೆ ಇದೇ, ಮತ್ತು ಇದನ್ನು ಯಾವ ನಾಟಕಕಾರನೂ ಬರೆದಿಲ್ಲ.

ನಡುವೆ ಆಯಾರ. ನಾಯಕಿ ಗಂಡನ ಹೆಣದ ಮೇಲೆ ಬಿದ್ದು ಶೋಕಗೀತೆ ಹಾಡುತ್ತಿರುತ್ತಾಳೆ. ಮೈಕಿನಲ್ಲಿ ದನಿ ಕೇಳುತ್ತದೆ, ಇಂಥ ಊರಿನ ಇಂಥ ಮುಖಂಡರಿಂದ ಐನೂರ ಒಂದು ರೂಪಾಯಿ. ನಾಯಕಿ ಅಳು ನಿಲ್ಲಿಸಿ ಕೈಮುಗಿದು, ಬಿಟ್ಟ ಕಡೆಯಿಂದ ಅಳಲು ಶುರು ಮಾಡುತ್ತಾಳೆ. ಹೆಣವೂ ಪುಣ್ಯಕ್ಕೆ ಎದ್ದು ಕೂರುವುದಿಲ್ಲ. ಹಾಡಿನೊಳಗೆ ಯಾರ ಹೆಸರೂ ಇಲ್ಲ, ಹಾಡಿನ ಮೇಲೆ ಎಲ್ಲರ ಹೆಸರೂ ಇದೆ. ಊರಿಗೆ ಈ ಎರಡೂ ಲೆಕ್ಕ ಚೆನ್ನಾಗಿ ಗೊತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಕೇಳಿದರೆ, "ಯಾವ ಗೌಡ್ರಿ? ಕತಿಯಾಗಿನ ಗೌಡ ಬಿಡ್ರಿ ಅಂವ" ಎಂದು ತುಟಿಯಂಚಲ್ಲಿ ನಕ್ಕು ಸುಮ್ಮನಾಗುತ್ತಾರೆ.

ಗಸ್ತಿಯ ಕಾಲ

ಈ ಜಾಣತನ ನಿನ್ನೆ ಮೊನ್ನೆಯದಲ್ಲ. ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ದೇಶ 1947ರ ಆಗಸ್ಟ್ 15ರಂದು ಬಾವುಟ ಹಾರಿಸಿದಾಗ ಇಲ್ಲಿ ಇನ್ನೂ ಹದಿಮೂರು ತಿಂಗಳು ಬಾಕಿ. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಶರಣಾದ ಮೇಲೆಯೇ ಬಿಡುಗಡೆ. ಅದಕ್ಕೂ ಮೊದಲು ಸಭೆ ಸೇರಬೇಕಾದರೆ ಸರ್ಕಾರದ ಅಪ್ಪಣೆ ಬೇಕಿತ್ತು. "ಗಸ್ತಿ ನಿಶಾನ್ 53" ಎಂಬ ಸುತ್ತೋಲೆಯ ಹೆಸರನ್ನು ಹಳಬರು ಮರೆತಿರಲಿಲ್ಲ. ಅಂಥ ನಾಡಿನಲ್ಲಿ ಸಾವಿರ ಜನ ಒಂದೆಡೆ ಕೂರಲು ಇದ್ದ ನೆಪಗಳೆಂದರೆ ಜಾತ್ರೆ, ಉರುಸು, ಮೊಹರಮ್ಮು, ನಾಟಕ.

ಬ್ರಿಟಿಷರ ಸೀಮೆಯಲ್ಲೂ 1876ರ ನಾಟಕ ಪ್ರದರ್ಶನ ಕಾಯ್ದೆಯ ಕತ್ತಿ ತೂಗುತ್ತಿತ್ತು. ಆದ್ದರಿಂದಲೇ ರಂಗದ ಮೇಲೆ ಸರ್ಕಾರ ಪುರಾಣದ ವೇಷ ಹಾಕಿಕೊಂಡು ಬರುತ್ತಿತ್ತು. ಮರಾಠಿಯಲ್ಲಿ ಕೃ. ಪ್ರ. ಖಾಡಿಲಕರರ 'ಕೀಚಕವಧ' 1907ರಲ್ಲಿ ಬಂತು. ಕೀಚಕನೆಂದರೆ ವೈಸ್‌ರಾಯ್ ಆಗಿದ್ದ ಲಾರ್ಡ್ ಕರ್ಜನ್ ಎಂದು ಜನ ತಾವೇ ಓದಿಕೊಂಡರು. ಓದಿಕೊಂಡದ್ದು ಸರ್ಕಾರಕ್ಕೂ ತಿಳಿಯಿತು, 1910ರಲ್ಲಿ ನಾಟಕಕ್ಕೆ ನಿಷೇಧ ಬಿತ್ತು.

ಕನ್ನಡದಲ್ಲಿ ಗರೂಡ ಸದಾಶಿವರಾಯರು ಹಿಡಿದದ್ದು ವಿಜಯನಗರದ ಕತೆ. ಅರಸುಮನೆತನವನ್ನೇ ಕೊಂದು ಗದ್ದುಗೆ ಕಿತ್ತುಕೊಂಡವರಿಂದ ಎಳೆಯ ರಾಜಕುಮಾರನನ್ನು ಕಾಪಾಡುವ ನಿಷ್ಠಾವಂತನ 'ಎಚ್ಚಮನಾಯಕ' ಅವರ ಕಂಪನಿಗೆ ದೊಡ್ಡ ಹೆಸರು ತಂದ ನಾಟಕ. ಗದ್ದುಗೆ ಯಾರದು, ಕೂತವರು ಯಾರು ಎಂಬ ಪ್ರಶ್ನೆ ಕೇಳಿದರೆ ಸಾಕಿತ್ತು. ಉತ್ತರವನ್ನು ಪ್ರೇಕ್ಷಕ ಮನೆಗೆ ಹೋಗುವಾಗ ದಾರಿಯಲ್ಲಿ ಹೇಳಿಕೊಳ್ಳುತ್ತಿದ್ದ.

ರಾಯಚೂರಿನ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರದು ಇನ್ನೊಂದು ದಾರಿ. ವೈದ್ಯ, ಸಂಗೀತಗಾರ, ಬಂಡಾಯಗಾರ ಎಲ್ಲವೂ ಆಗಿದ್ದ ತಾರಾನಾಥರು 'ದೀನಬಂಧು ಕಬೀರ' ಬರೆದರು. ಬಳ್ಳಾರಿ ರಾಘವರಂಥ ನಟ ಅದರಲ್ಲಿ ಪಾತ್ರ ವಹಿಸಿದರು. ಹಿಂದೂ, ಮುಸ್ಲಿಂ ಎಂದು ಊರು ಒಡೆಯುತ್ತಿದ್ದ ಹೊತ್ತಿನಲ್ಲಿ ಕಬೀರನನ್ನು ರಂಗಕ್ಕೆ ತಂದು ಹಾಡಿಸುವುದು ಭಕ್ತಿಯಷ್ಟೇ ಅಲ್ಲ. ಆದರೆ ಕಬೀರನ ಭಜನೆಯನ್ನು ಯಾವ ಪೊಲೀಸ್ ತಾನೆ ತಡೆದಾನು?

ಏಣಗಿ ಬಾಳಪ್ಪನವರು ರಂಗದ ಮೇಲೆ ಬಸವಣ್ಣನಾಗಿ ವಚನ ಹಾಡುತ್ತಿದ್ದುದರಲ್ಲೂ ಇದೇ ಗುಟ್ಟಿದೆ. ಉಳ್ಳವರನ್ನು ಕೆಣಕುವ ವಚನಗಳು ಎಂಟು ನೂರು ವರ್ಷ ಹಳೆಯವು. ಕೆಣಕಿಸಿಕೊಳ್ಳುವವರು ಪ್ರತಿ ರಾತ್ರಿ ಹೊಸಬರು.

ಚೌಕಟ್ಟು: ಹೆಸರು ಸಿಕ್ಕ ಊರು

ಮಸ್ಕಿಯ ಕೀರ್ತಿ ನಿಂತಿರುವುದೇ ಒಂದು ಹೆಸರಿನ ಮೇಲೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಇಲ್ಲಿಯ ಬಂಡೆಗಲ್ಲಿನ ಶಾಸನ ಬಿತ್ತು. ಅದುವರೆಗೆ ತಿಳಿದಿದ್ದ ಶಾಸನಗಳಲ್ಲಿ ಇದ್ದದ್ದು "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳು. ಮಸ್ಕಿಯ ಬಂಡೆ "ಅಶೋಕ" ಎಂದು ಬಾಯಿಬಿಟ್ಟು ಹೇಳಿತು. ಮುಂದೆ ನಿಟ್ಟೂರು, ಉದೇಗೊಳ, ಗುಜರ್ರಾಗಳಲ್ಲೂ ಆ ಹೆಸರು ಸಿಕ್ಕಿತು. ತನ್ನ ಹೆಸರು ಹಾಕದೆಯೇ ಇಡೀ ದೇಶಕ್ಕೆ ಮಾತು ಮುಟ್ಟಿಸಬಹುದು ಎಂದು ಅಶೋಕನಿಗೂ ಗೊತ್ತಿದ್ದಿರಬೇಕು.

ನೆರೆಯೂರಿನ ಮೇಷ್ಟ್ರು

ಲಿಂಗಸುಗೂರಿನಿಂದ ಮುದಗಲ್ಲು ದಾಟಿದರೆ ಇಳಕಲ್ಲು, ಹುನಗುಂದದ ಸೀಮೆ. ಅಲ್ಲಿಯ ಸೂಳೇಭಾವಿಯ ಪಿ. ಬಿ. ಧುತ್ತರಗಿಯವರು ಬರೆದ ನಾಟಕಗಳನ್ನು ಆಡದ ಊರು ಈ ಕಡೆ ಸಿಗುವುದು ಕಷ್ಟ. ಅವರ 'ಸಂಪತ್ತಿಗೆ ಸವಾಲ್' 1974ರಲ್ಲಿ ಸಿನಿಮಾ ಆಯಿತು. ಎ. ವಿ. ಶೇಷಗಿರಿರಾವ್ ನಿರ್ದೇಶನ, ಜಿ. ಕೆ. ವೆಂಕಟೇಶ್ ಸಂಗೀತ, ರಾಜಕುಮಾರ್ ನಾಯಕ. ಸಾಹುಕಾರನ ದರ್ಪಕ್ಕೆ ಬಡವನೊಬ್ಬ ಎದೆಕೊಡುವ ಕತೆ.

ಎಮ್ಮೆಯ ಮೇಲೆ ಕೂತು ನಾಯಕ ಹಾಡುವ ಹಾಡನ್ನು ರಾಜಕುಮಾರ್ ತಾವೇ ಹಾಡಿದರು. ಅವರ ಗಾಯನದ ದಾರಿ ತೆರೆದದ್ದೇ ಆ ಹಾಡು. ಕೇಳಿದರೆ ಮೋಜಿನ ಹಾಡು, ದನ ಕಾಯುವವನ ಕೀಟಲೆ. ಸಾಹುಕಾರನ ವಿರುದ್ಧ ಒಂದು ಘೋಷಣೆಯೂ ಅದರಲ್ಲಿಲ್ಲ. ಆದರೂ ಯಾರ ಕೂಗಿಗೂ ಬಗ್ಗದವನ ಉಡಾಫೆ ಇದೆಯಲ್ಲ, ಜೀತ ಕಂಡ ಊರುಗಳಲ್ಲಿ ಅದಕ್ಕಿಂತ ಚೂಪಾದ ರಾಜಕೀಯ ಇನ್ನೇನಿತ್ತು? ಅದೇ 1974ರ ಮಾರ್ಚ್ 1ಕ್ಕೆ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಅರ್ಜಿ ಹಿಡಿದು ನಿಂತ ಕಾಲದಲ್ಲೇ ಟಾಕೀಸಿನಲ್ಲಿ ಆ ಹಾಡು.

ಇದಕ್ಕೂ ಎರಡು ವರ್ಷ ಮೊದಲು, 1972ರಲ್ಲಿ, ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ರಂಗಕ್ಕೆ ಬಂದಿತ್ತು. ಬಿ. ವಿ. ಕಾರಂತರ ನಿರ್ದೇಶನ. ಭಾದ್ರಪದದಲ್ಲಿ ನಮ್ಮ ಓಣಿಗಳಿಗೆ ಬುಟ್ಟಿಯಲ್ಲಿ ಕೂತು ಬರುವ, ಏಳು ದಿನ ಮೆರೆದು ಸಾಯುವ ಜೋಕುಮಾರನೇ ಅದರ ಬೀಜ. ಬಂಜೆ ಎನಿಸಿಕೊಂಡ ಗೌಡತಿ, ಬಂದೂಕು ಹೊತ್ತು ತಿರುಗುವ ಗೌಡ, ಉಳುವ ಬಸಣ್ಣ. ಹೊಲ ಯಾರದು? ಉತ್ತವನದೋ, ಕಾಗದ ಇದ್ದವನದೋ? ಈ ಪ್ರಶ್ನೆಯನ್ನು ಕಂಬಾರರು ಭಾಷಣದಲ್ಲಿ ಕೇಳಲಿಲ್ಲ. ಬಯಲಾಟದ ಮೇಳಕ್ಕೆ, ಹಿಮ್ಮೇಳದ ಹಾಡಿಗೆ ಬಿಟ್ಟರು. ಇಡೀ ನಾಟಕದಲ್ಲಿ ಗೌಡನಿಗೆ ಗೌಡ ಎಂಬುದೇ ಹೆಸರು. ಬಸಣ್ಣನಿಗೆ ಹೆಸರಿದೆ, ಸಾಯುವವನೂ ಅವನೇ.

ಬೆಂಗಳೂರಿನ ವಿಮರ್ಶಕರು ಇದನ್ನು ಜರ್ಮನ್ ನಾಟಕಕಾರ ಬ್ರೆಕ್ಟ್ ಪಕ್ಕದಲ್ಲಿಟ್ಟು ಮೆಚ್ಚಿದರು. ತಪ್ಪೇನಲ್ಲ. ಆದರೆ ಗೌಡನನ್ನು ರಂಗದ ಮೇಲೆ ಹಾಡಿ ಹಂಗಿಸುವುದನ್ನು ನಮ್ಮ ದೊಡ್ಡಾಟದ ಸಾರಥಿ ಬರ್ಲಿನ್ನಿನಿಂದ ಕಲಿಯಬೇಕಿರಲಿಲ್ಲ.

ಇದೇ ಎಳೆಯ ಇನ್ನೊಂದು ತುದಿ ಸಿಂಧೂರ ಲಕ್ಷ್ಮಣ. ಬ್ರಿಟಿಷರ ಖಜಾನೆಗೂ ಸಾಹುಕಾರರ ಪೆಟ್ಟಿಗೆಗೂ ಕೈಹಾಕಿದ ಈ ಬಂಡುಕೋರನ ನಾಟಕ ಉತ್ತರ ಕರ್ನಾಟಕದ ಜಾತ್ರೆಗಳನ್ನು ದಶಕಗಳ ಕಾಲ ಆಳಿತು, ನಟ ಸುಧೀರ್ ಆ ಪಾತ್ರದಿಂದಲೇ ಮನೆಮಾತಾದರು. ಅವರ ಮಗ ತರುಣ್ ಸುಧೀರ್ 2023ರ ಡಿಸೆಂಬರಿನಲ್ಲಿ ತೆರೆಗೆ ತಂದ 'ಕಾಟೇರ'ದ ವಸ್ತು ಮತ್ತೆ ಅದೇ, ಉಳುವವನ ಹೊಲ.

ಕಾಲುವೆಯ ಜೊತೆ ಬಂದದ್ದು

ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಎರೆ ಹೊಲ ಭತ್ತದ ಗದ್ದೆಯಾಯಿತು. ಕೃಷ್ಣಾ, ಗೋದಾವರಿ ಬಯಲಿನ ರೈತರು ಬಂದು ನೆಲೆಸಿದರು. ಊರಿನ ಹೆಸರಿಗೆ "ಕ್ಯಾಂಪ್" ಅಂಟಿಕೊಂಡಿತು. ಅವರ ಜೊತೆ ತೆಲುಗು ಸಿನಿಮಾವೂ ಬಂತು, ತೆಲುಗು ಹಾಡಿನ ರಾಜಕೀಯವೂ ಬಂತು.

ತೆಲುಗಿನಲ್ಲಿ ಈ ಸಂಬಂಧ ಬಹಳ ಗಟ್ಟಿ. ಸುಂಕರ ಸತ್ಯನಾರಾಯಣ ಮತ್ತು ವಾಸಿರೆಡ್ಡಿ ಭಾಸ್ಕರರಾವ್ ಬರೆದ 'ಮಾ ಭೂಮಿ' ನಾಟಕವನ್ನು ಪ್ರಜಾನಾಟ್ಯಮಂಡಲಿ 1947ರ ಸುಮಾರಿಗೆ ಊರೂರಲ್ಲಿ ಆಡಿತು. ನಿಜಾಮರ ನೆಲದ ರೈತರ ಬಂಡಾಯದ ಆ ಕತೆಗೆ ಮದ್ರಾಸ್ ಸರ್ಕಾರ ನಿಷೇಧ ಹೇರಿತು. 1979ರಲ್ಲಿ ಗೌತಮ್ ಘೋಷ್ ಅದೇ ಹೋರಾಟದ ಮೇಲೆ, ಅದೇ ಹೆಸರಿನಲ್ಲಿ ಸಿನಿಮಾ ಮಾಡಿದರು. ಅದರಲ್ಲಿ ಕ್ರಾಂತಿಗೀತೆಗಳ ಗಾಯಕ ಗದ್ದರ್ ಕಾಣಿಸಿಕೊಂಡು, ಬಂಡಿ ಯಾದಗಿರಿ ಕಟ್ಟಿದ ಹಾಡನ್ನು ಹಾಡಿದರು.

1995ರ 'ಒರೇಯ್ ರಿಕ್ಷಾ' ಚಿತ್ರಕ್ಕೆ ಬರೆದ ಹಾಡಿಗೆ ಆಂಧ್ರ ಸರ್ಕಾರ ನಂದಿ ಪ್ರಶಸ್ತಿ ಕೊಟ್ಟಾಗ ಗದ್ದರ್ ಬೇಡ ಎಂದರು. ತಂಗಿಯ ಮೇಲಿನ ಅಕ್ಕರೆಯ ಹಾಡು ಅದು. ಕೇಳಿದರೆ ರಾಜಕೀಯದ ಸೊಲ್ಲೂ ಇಲ್ಲ.

ಕನ್ನಡದಲ್ಲಿ ಸಿನಿಮಾಕ್ಕೂ ಪಕ್ಷಕ್ಕೂ ಇಂಥ ಗಂಟು ಬೀಳಲಿಲ್ಲ. ತೆಲುಗು ನಟ ಎನ್.ಟಿ.ಆರ್. 1982ರಲ್ಲಿ ಪಕ್ಷ ಕಟ್ಟಿ ರಥ ಏರಿದರು. ಅದೇ ವರ್ಷ ಕನ್ನಡದ ಪರವಾದ ಗೋಕಾಕ್ ಚಳವಳಿಗೆ ಇಳಿದ ರಾಜಕುಮಾರ್ ಜನಸಾಗರ ಕಂಡು ಮನೆಗೆ ಮರಳಿದರು. ಆದ್ದರಿಂದ ನಮ್ಮ ಸಿನಿಮಾದ ರಾಜಕೀಯ ಗೀತೆ ಎಂದರೆ ಬಹಳ ಕಾಲ ನಾಡು ನುಡಿಯ ಗೀತೆಯೇ ಆಯಿತು. ಕೂಲಿ, ಗೇಣಿ, ಜಾತಿ ಎಲ್ಲ 1975ರಲ್ಲಿ ಹುಟ್ಟಿದ 'ಸಮುದಾಯ'ದಂಥ ನಾಟಕ ತಂಡಗಳ ಪಾಲು. 1979ರ ಸಮುದಾಯ ಜಾಥಾ ಹಾಡು, ಬೀದಿನಾಟಕ ಹೊತ್ತು ರಾಜ್ಯ ಸುತ್ತಿತು. ಬಿಹಾರದ ಬೆಲ್ಚಿಯ ಕೊಲೆಗಳ ಮೇಲಿನ 'ಬೆಲ್ಚಿ'ಗೆ ಟಿಕೆಟ್ಟೂ ಇರಲಿಲ್ಲ, ಪರದೆಯೂ ಇರಲಿಲ್ಲ.

ಚೌಕಟ್ಟು: ಸುಳ್ಳು ಹೆಸರಿನ ಉಪಾಯ

1943ರ ಹಿಂದಿ ಚಿತ್ರ 'ಕಿಸ್ಮತ್'. ಕವಿ ಪ್ರದೀಪ್ ಬರೆದ ಹಾಡು ಪರದೇಶಿಗಳಿಗೆ ದೂರ ಸರಿಯಿರಿ ಎನ್ನುತ್ತದೆ. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ ಬ್ರಿಟಿಷ್ ಸೆನ್ಸಾರ್ ಅದನ್ನು ಹೇಗೆ ಬಿಟ್ಟಿತು? ಹಾಡಿನಲ್ಲಿ ಜರ್ಮನ್, ಜಪಾನಿ ಎಂದು ಹೆಸರು ಹಾಕಿತ್ತು, ಅವರು ಯುದ್ಧದಲ್ಲಿ ಬ್ರಿಟಿಷರ ಶತ್ರುಗಳು. ಜನ ಟಾಕೀಸಿನಲ್ಲಿ ಎದ್ದು ನಿಂತು ಮತ್ತೆ ಮತ್ತೆ ಕೇಳಿದಾಗ ಸರ್ಕಾರಕ್ಕೆ ಅರ್ಥವಾಯಿತು. ಪ್ರದೀಪ್ ತಲೆಮರೆಸಿಕೊಳ್ಳಬೇಕಾಯಿತು.

ನಾಲ್ಕು ಮಾತಿಗೊಂದು ಹೆಸರು

ಈಗ ಚುನಾವಣೆಯ ಹಾಡಿಗೆ ಬರೋಣ. ಮಸ್ಕಿ 2008ರಲ್ಲಿ ವಿಧಾನಸಭಾ ಕ್ಷೇತ್ರವಾಯಿತು. 2018ರಲ್ಲಿ ಇಲ್ಲಿ ಪ್ರತಾಪಗೌಡ ಪಾಟೀಲರು ಗೆದ್ದದ್ದು ಬರೀ 213 ಮತಗಳಿಂದ. ಅವರು ರಾಜೀನಾಮೆ ಕೊಟ್ಟು ಪಕ್ಷ ಬದಲಿಸಿದ ಮೇಲೆ 2021ರ ಏಪ್ರಿಲ್ 17ರಂದು ಉಪಚುನಾವಣೆ. ಸೋತಿದ್ದ ಬಸನಗೌಡ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಅತ್ತ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಧರಣಿ ಕೂತಿದ್ದರು.

ಚುನಾವಣೆ ಬಂತೆಂದರೆ ಪ್ರಚಾರದ ಆಟೊಗಳಿಗೆ ಹಾಡು ಬೇಕು. ಸ್ಟುಡಿಯೊದವರು ಹೊಸ ಸಿನಿಮಾದ್ದೋ, ಡಿಜೆ ಜಾನಪದದ್ದೋ ಧಾಟಿ ಹಿಡಿದು ಒಂದೆರಡು ದಿನದಲ್ಲಿ ಕಟ್ಟಿಕೊಡುತ್ತಾರೆ. ನಾಲ್ಕು ಮಾತಿಗೊಮ್ಮೆ ಅಭ್ಯರ್ಥಿಯ ಹೆಸರು, ಎಂಟು ಮಾತಿಗೊಮ್ಮೆ ಗುರುತು. ಹಾಡುವವರು ಒಳ್ಳೆಯ ಗಾಯಕರೇ. ಕೆಲವರು ಮೊನ್ನೆವರೆಗೆ ಕಂಪನಿಯಲ್ಲಿ ಪಾತ್ರ ಮಾಡಿದವರು. ಆದರೂ ಫಲಿತಾಂಶದ ಮರುದಿನ ಆ ಹಾಡನ್ನು ಗೆದ್ದವನ ಮನೆಯಲ್ಲೂ ಯಾರೂ ಗುನುಗುವುದಿಲ್ಲ.

ಹಾಡು ಕೆಟ್ಟದ್ದೆಂದಲ್ಲ. ಅದರಲ್ಲಿ ಕೇಳುವವನಿಗೆ ಜಾಗವೇ ಇಲ್ಲ. ಕಾಮಿಕ್ ಸೀನಿನ ಹಾಡಿನಲ್ಲಿ ಪ್ರೇಕ್ಷಕ ತನ್ನೂರಿನ ಒಬ್ಬನನ್ನು ತಂದು ಕೂರಿಸುತ್ತಾನೆ. ಮುಂದಿನ ವರ್ಷ ಅವನನ್ನು ಎಬ್ಬಿಸಿ ಇನ್ನೊಬ್ಬನನ್ನು ಕೂರಿಸುತ್ತಾನೆ. ಆಟೊದ ಹಾಡಿನಲ್ಲಿ ಆ ಕುರ್ಚಿ ಮೊದಲೇ ಭರ್ತಿ.

ಹೊರಗಿನ ದೇಶಗಳಲ್ಲೂ ಇದು ಹೀಗೆಯೇ. ವಿಕ್ಟರ್ ಹ್ಯೂಗೊ ಕಾದಂಬರಿ 'ಲೆ ಮಿಸರಾಬ್ಲ್' 1980ರಲ್ಲಿ ಪ್ಯಾರಿಸ್‌ನಲ್ಲಿ ಸಂಗೀತ ನಾಟಕವಾಯಿತು, 1985ರಲ್ಲಿ ಲಂಡನ್ನಿಗೆ ಬಂತು. 1832ರ ಪ್ಯಾರಿಸ್ ದಂಗೆಯ ಹುಡುಗರು ಹಾಡುವ ಮೇಳಗೀತೆಯನ್ನು 2014ರಲ್ಲಿ, ಮತ್ತೆ 2019ರಲ್ಲಿ ಹಾಂಗ್‌ಕಾಂಗ್‌ನ ಬೀದಿಯಲ್ಲಿ ಹುಡುಗರು ಹಾಡಿದರು. ಯಾವ ರಾಜನ ಹೆಸರೂ ಇಲ್ಲದ್ದರಿಂದ ಹಾಡು ಅಷ್ಟು ದೂರ ನಡೆಯಿತು.

ಚೌಕಟ್ಟು: ಬರ್ಗರ್ ಮಾರಿದ ಕೊಲೆಗಡುಕ

ಬ್ರೆಕ್ಟ್ ಮತ್ತು ಕುರ್ಟ್ ವೈಲ್ ಜೋಡಿಯ 'ತ್ರೀಪೆನ್ನಿ ಒಪೆರಾ' 1928ರ ಆಗಸ್ಟ್ 31ರಂದು ಬರ್ಲಿನ್‌ನಲ್ಲಿ ರಂಗಕ್ಕೆ ಬಂತು. ಕಳ್ಳನಿಗೂ ಬಂಡವಾಳಗಾರನಿಗೂ ವ್ಯತ್ಯಾಸವೇನು ಎಂದು ಕೇಳುವ ಆಟ. ಅದರ ಚಾಕುಗಾರನ ಹಾಡಿನ ಧಾಟಿಯನ್ನು 1980ರ ದಶಕದಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಜಾಹೀರಾತಿಗೆ ಹಾಕಿಕೊಂಡಿತು. ನೆರೆಯ ಮರಾಠಿಯಲ್ಲಿ ಪು. ಲ. ದೇಶಪಾಂಡೆ ಈ ನಾಟಕವನ್ನು 'ತೀನ್ ಪೈಶಾಚಾ ತಮಾಶಾ' ಮಾಡಿದರು; 1978ರಲ್ಲಿ ಜಬ್ಬಾರ್ ಪಟೇಲ್ ಆಡಿಸಿದರು.

ಚಿನ್ನದ ಗಣಿಯ ಮೇಳ

ಇತ್ತೀಚಿನ ಕನ್ನಡ ಸಿನಿಮಾದಲ್ಲಿ ಕೂಲಿಕಾರರ ಮೇಳಗಾನ ಅತಿ ಜೋರಾಗಿ ಕೇಳಿದ್ದು 'ಕೆಜಿಎಫ್' ಚಿತ್ರಗಳಲ್ಲಿ. ರವಿ ಬಸ್ರೂರ್ ಸಂಗೀತಕ್ಕೆ ಟೆಂಟು ನಡುಗುತ್ತದೆ, ನಿಜ. ಆದರೆ ಗಣಿಯಾಳುಗಳು ಅಲ್ಲಿ ಹಾಡುವುದು ತಮ್ಮ ಬಗ್ಗೆ ಅಲ್ಲ, ತಮ್ಮನ್ನು ಕಾಯಲು ಬಂದವನ ಬಗ್ಗೆ. 'ಜೋಕುಮಾರಸ್ವಾಮಿ'ಯ ಬಸಣ್ಣನ ಮೇಳ ಹೊಲ ಕೇಳುತ್ತಿತ್ತು, ಈ ಮೇಳ ಒಡೆಯನನ್ನು ಕೇಳುತ್ತದೆ. ಕೋಲಾರದ ಗಣಿ 2001ರಲ್ಲೇ ಮುಚ್ಚಿದೆ. ಈಗ ಚಿನ್ನ ತೆಗೆಯುತ್ತಿರುವುದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ. ಅಲ್ಲಿ ಪಾಳಿ ಮುಗಿಸಿ ಮೇಲೆ ಬರುವವರ ಸಂಘ, ಸಂಬಳ, ದೂಳು ಇವಕ್ಕೆ ಇನ್ನೂ ಯಾವ ಸಿನಿಮಾದ ಧಾಟಿಯೂ ಒದಗಿಲ್ಲ.

'ಕೆಜಿಎಫ್ 2'ರ ಹಾಡು ರಾಜಕೀಯಕ್ಕೆ ಬಂದದ್ದು ಬೇರೆ ದಾರಿಯಿಂದ. 2022ರ ಅಕ್ಟೋಬರಿನಲ್ಲಿ ಭಾರತ್ ಜೋಡೊ ಯಾತ್ರೆ ರಾಯಚೂರು ಜಿಲ್ಲೆಯನ್ನೂ ಹಾದುಹೋಯಿತು. ಯಾತ್ರೆಯ ವಿಡಿಯೊಗಳಿಗೆ ಈ ಚಿತ್ರದ ಹಾಡು ಬಳಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ಕಾಂಗ್ರೆಸ್ ವಿರುದ್ಧ ದೂರು ಕೊಟ್ಟಿತು. ನವೆಂಬರ್ 7ರಂದು ವಾಣಿಜ್ಯ ನ್ಯಾಯಾಲಯ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಮರುದಿನ ಹೈಕೋರ್ಟ್, ಆ ತುಣುಕುಗಳನ್ನು ತೆಗೆದುಹಾಕುವ ಷರತ್ತಿನ ಮೇಲೆ, ಆದೇಶ ರದ್ದುಪಡಿಸಿತು.

ಇತ್ತ ಕಂಪನಿ ನಾಟಕದ ಅಚ್ಚಾದ ಪುಸ್ತಕಗಳಲ್ಲಿ ಪ್ರತಿ ಹಾಡಿನ ತಲೆಯ ಮೇಲೆ "ಧಾಟಿ" ಎಂದು ಬರೆದು ಯಾವ ಸಿನಿಮಾದ ಹಾಡೆಂದು ನಿರ್ಭಿಡೆಯಿಂದ ಹಾಕಿರುತ್ತಾರೆ. ಪುಸ್ತಕ ಹಳತಾಗಿ ಆ ಸಿನಿಮಾ ಮರೆತುಹೋಗಿದ್ದರೆ ಪೇಟಿ ಮಾಸ್ತರ ಅದನ್ನು ಹೊಡೆದುಹಾಕಿ ಹೊಸದನ್ನು ಹೊಂದಿಸುತ್ತಾನೆ. ಬರುವ ಬನದ ಹುಣ್ಣಿಮೆಗೆ ಕಾಮಿಕ್ ಸೀನಿನ ಧಾಟಿ ಯಾವುದೆಂಬುದು, ದೀಪಾವಳಿಗೆ ಯಾವ ಚಿತ್ರ ಓಡಿತು ಎಂದು ನೋಡಿಕೊಂಡು, ತಾಲೀಮಿನಲ್ಲಿ ತೀರ್ಮಾನವಾಗುತ್ತದೆ.